‘ಗುಳಿಗೆ ತಿಂದ್ಯಾ?’ ಎಂದು ಕೇಳುವ ಗಂಗಕ್ಕ

ಬೆಳಿಗ್ಗೆ ಆರೂ ಕಾಲು. ಮಿರ್ಜಾನದ ಬಳಿ ಅಘನಾಶಿನಿಯ ನೀರು ಇಳಿಯುತ್ತಿದೆ. ಗಂಗಿ ಅಂಬಿಗ ಸೀರೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಅಲ್ಯೂಮಿನಿಯಂ ಪಾತ್ರೆಯೊಂದನ್ನು ಹಗ್ಗದಿಂದ ಸೊಂಟಕ್ಕೆ ಬಿಗಿದುಕೊಂಡು ನದಿಗೆ ಇಳಿಯುತ್ತಾರೆ. ನೀರು ಸೊಂಟ ಮುಟ್ಟುತ್ತದೆ. ಪಾತ್ರೆ ಹಿಂದೆ ತೇಲಿ ಬರುತ್ತದೆ. ಅವರು ಪಾದದಿಂದ ಕೆಸರು ತಡವುತ್ತಾರೆ. ಚಿಪ್ಪು ತಾಗಿದಲ್ಲಿ ಬಗ್ಗಿ, ಗಲ್ಲದವರೆಗೆ ಮುಳುಗಿ, ಬಳಚು ಎಂಬ ಚಿಪ್ಪುಮೀನನ್ನು ಕೈತುಂಬ ತೆಗೆದು ಪಾತ್ರೆಗೆ ಸುರಿಯುತ್ತಾರೆ.

ಪಾತ್ರೆಯ ಒಂದು ಬದಿಯಲ್ಲಿ, ಎರಡು ಪದರದ ಪ್ಲಾಸ್ಟಿಕ್ ಚೀಲದೊಳಗೆ, ಒಂದು ಮೊಬೈಲ್ ಇದೆ. ಏಳು ಗಂಟೆಗೆ ಅದರ ಅಲಾರಾಂ ಹೊಡೆದುಕೊಳ್ಳುತ್ತದೆ. ಗಂಗಕ್ಕ ತಲೆಯ ಬಟ್ಟೆಗೆ ಕೈ ಒರೆಸಿ, ಚೀಲದ ಮೇಲಿಂದಲೇ ಬೆರಳೊತ್ತಿ, ಮೊದಲ ಕರೆ ಮಾಡುತ್ತಾರೆ.

‘ಗುಳಿಗೆ ತಿಂದ್ಯಾ? ತಿಂಡಿ ತಿಂದೇ ತಿಂದ್ಯಾ, ಖಾಲಿ ಹೊಟ್ಟೇಲಾ? ಸುಳ್ಳು ಹೇಳ್ಬೇಡ. ಎಷ್ಟು ಉಳದದೆ ಎಣಿಸಿ ಹೇಳು.’

ಆಚೆ ಕಡೆಯವರು ಎಣಿಸಿ ಹೇಳುವ ತನಕ ಅವರು ಹರಿಯುವ ನೀರಿನಲ್ಲಿ ನಿಂತೇ ಇರುತ್ತಾರೆ. ಎಂಟು ಗಂಟೆಯೊಳಗೆ ಇಂಥ ಆರೇಳು ಕರೆ. ಕೆಲವರಿಗೆ ದಿನಾ, ಕೆಲವರಿಗೆ ವಾರಕ್ಕೊಮ್ಮೆ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳಲ್ಲಿ ಮೂರ್ಛೆ ರೋಗದ ಗುಳಿಗೆ ನುಂಗುವ ಇಪ್ಪತ್ಮೂರು ಮಂದಿ ಅವರ ಲೆಕ್ಕದಲ್ಲಿದ್ದಾರೆ. ಈ ಕೆಲಸ ಮಾಡಿ ಎಂದು ಗಂಗಕ್ಕನಿಗೆ ಯಾರೂ ಹೇಳಿಲ್ಲ. ಯಾವ ಇಲಾಖೆಯ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಯಾಕೆ ಮಾಡುತ್ತೀರಿ ಎಂದು ಕೇಳಿದರೆ ನಲವತ್ತೇಳರ ಈ ಹೆಂಗಸು ನಗುವುದಿಲ್ಲ. ‘ಸಿಟ್ಟಿಗೆ’ ಎನ್ನುತ್ತಾರೆ.

ಗಂಗಕ್ಕನ ಗಂಡ ಬೀರ ಹೊನ್ನಾವರದ ಕಡೆ ಬೋಟಿನಲ್ಲಿ ದುಡಿಯುವವರು. ಹಿಂದೆ ವಿಪರೀತ ಕುಡಿತ. ಹನ್ನೊಂದು ವರ್ಷದ ಹಿಂದೆ ಬೋಟಿನ ಗೆಳೆಯನೊಬ್ಬ ಅವರನ್ನು ಪೇಟೆಯ ಅಂಚಿನ ಒಂದು ಪ್ರಾರ್ಥನಾ ಸಭೆಗೆ ಕರೆದೊಯ್ದ. ಅಂಗಡಿಯ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ಬೀರ ಕುಡಿತ ಬಿಟ್ಟರು. ಇದನ್ನು ಹೇಳುವಾಗ ಗಂಗಕ್ಕ ಏನನ್ನೂ ಬಚ್ಚಿಡುವುದಿಲ್ಲ.

‘ಅದು ಸುಳ್ಳಲ್ಲ. ಮನೇಲಿ ಹೊಡೆತ ನಿಂತ್ತು. ನಂಗೆ ಜ್ವರ ಬಂದ್ರೆ ಸಭೆಯವ್ರು ಗಂಜಿ ತಂದ್ಕೊಟ್ರು. ನಮ್ಮ ಕೇರೀಲಿ ಯಾರೂ ನನ್ನ ಅಕ್ಕ ಅಂದವ್ರಿಲ್ಲ, ಅಲ್ಲಿ ಅಂದ್ರು. ಹಂಗಾಗಿ ನಾನೂ ಹೋದೆ. ಖುಷೀಲೇ ಹೋದೆ.’

ಅವರ ಒಬ್ಬಳೇ ಮಗಳು ದೀಕ್ಷಾ. ಒಂಬತ್ತನೆಯ ವಯಸ್ಸಿನಿಂದ ಅವಳಿಗೆ ಮೂರ್ಛೆ ರೋಗ. ದಿನಕ್ಕೆರಡು ಗುಳಿಗೆ ನುಂಗಿದರೆ ಏನೂ ಇಲ್ಲ, ಎಲ್ಲ ಮಕ್ಕಳಂತೆಯೇ ಶಾಲೆ, ಆಟ. ಪಿಯುಸಿ ಸೇರಿದಾಗ ನಾಲ್ಕು ವರ್ಷದಿಂದ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಆ ವರ್ಷವೇ ಸಭೆಗೆ ಹೊಸ ಪಾಸ್ಟರ್ ಬಂದರು. ಅವರ ಬೋಧನೆ ಬೇರೆ ಥರದ್ದು. ರೋಗ ದೇಹದ್ದಲ್ಲ, ದುರಾತ್ಮದ್ದು. ವಾಸಿ ಮಾಡುವವನು ದೇವರೊಬ್ಬನೇ. ಪ್ರಾರ್ಥನೆಯನ್ನೂ ಮಾಡಿ ಗುಳಿಗೆಯನ್ನೂ ನುಂಗಿದರೆ ದೇವರನ್ನು ಅನುಮಾನಿಸಿದ ಹಾಗೆ.

ಒಂದು ಭಾನುವಾರ ಅವರು ದೀಕ್ಷಾಳನ್ನು ಮುಂದೆ ಕರೆದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ‘ಇವಳು ವಾಸಿಯಾದಳು’ ಎಂದು ಮೈಕಿನಲ್ಲಿ ಸಾರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಯಿ ಸಾಕ್ಷಿ ಕೊಡಬೇಕು ಎಂದರು. ಗಂಗಕ್ಕ ಚೀಲದಿಂದ ಗುಳಿಗೆಯ ಪಟ್ಟಿಗಳನ್ನು ತೆಗೆದು ಎಲ್ಲರೆದುರು ಕಸದ ಡಬ್ಬಿಗೆ ಹಾಕಿದರು.

‘ಅವ ಹೇಳ್ದ, ನಾ ಒಗೆದೆ. ಒಗೆದ ಕೈ ನಂದೇ’ ಎಂದು ಅವರು ಬಲಗೈಯನ್ನು ನೀರಿನಿಂದ ಎತ್ತಿ ತೋರಿಸುತ್ತಾರೆ. ಬೆರಳ ತುಂಬ ಚಿಪ್ಪು ಕೊಯ್ದ ಗಾಯ. ‘ದೀಕ್ಷಾ ಮನೆಗೆ ಬಂದು ಕೇಳ್ತು, ಅಮ್ಮಾ, ಡಾಕ್ಟ್ರ ಹತ್ರ ಒಂದ್ಸಲ ಕೇಳ್ವಾ ಅಂತ. ನಾ ಬೈದೆ. ನಂಬಿಕೆ ಇಲ್ವಾ ನಿಂಗೆ ಅಂತ ಬೈದೆ.’

ಹತ್ತೊಂಬತ್ತನೆಯ ದಿನ ಮಧ್ಯಾಹ್ನ ದೀಕ್ಷಾ ಬಟ್ಟೆ ಒಗೆಯಲು ಮನೆಯ ಹಿಂದಿನ ಹಳ್ಳಕ್ಕೆ ಹೋದಳು. ಅಲ್ಲಿ ನೀರು ಮೊಣಕಾಲುದ್ದವೂ ಇರಲಿಲ್ಲ. ಮೂರ್ಛೆ ಬಂದು ಮುಖ ಕೆಳಗಾಗಿ ಬಿದ್ದಳು. ಗಂಗಕ್ಕ ಹೋಗಿ ನೋಡುವಾಗ ಎಲ್ಲ ಮುಗಿದಿತ್ತು. ಅವಳಿಗೆ ಹದಿನೇಳು ವರ್ಷ.

ಮಣ್ಣು ಕೊಡುವ ಹೊತ್ತಿಗೆ ಪಾಸ್ಟರ್ ಕುಣಿಯ ಬಳಿ ನಿಂತು ಮಾತನಾಡಿದರು. ದೇವರು ಕೊಟ್ಟ ವಾಸಿಯನ್ನು ಈ ಮನೆಯವರ ಅರೆ ನಂಬಿಕೆ ಉಳಿಸಿಕೊಳ್ಳಲಿಲ್ಲ, ಇದು ನಮಗೆಲ್ಲ ಪಾಠವಾಗಲಿ ಎಂದರು. ಗಂಗಕ್ಕ ಕೈಯಲ್ಲಿದ್ದ ಮಣ್ಣನ್ನು ಕುಣಿಗೆ ಹಾಕಿದರು. ಆಮೇಲೆ ಅವರೆದುರು ಹೋಗಿ ನಿಂತರು.

‘ನಾ ಹೇಳಿದೆ, ನನ್ನ ಮಗಳಿಗೆ ನಂಬಿಕೆ ಕಡಿಮೆ ಇರ್ಲಿಲ್ಲ, ಗುಳಿಗೆ ಕಡಿಮೆ ಇತ್ತು ಅಂತ. ಅಷ್ಟು ಹೇಳಿ ಬಂದೆ. ಮತ್ತೆ ಆ ಮಹಡಿ ಹತ್ತಲಿಲ್ಲ.’

ಮಹಡಿ ಹತ್ತಲಿಲ್ಲ ಎಂದರೂ ಒಮ್ಮೆ ಹತ್ತಿದ್ದಾರೆ. ಮೂರು ತಿಂಗಳ ಬಳಿಕ, ಭಾನುವಾರದ ಪ್ರಾರ್ಥನೆಯ ನಡುವೆ. ನೀವು ಹೇಳಿದ್ದು ತಪ್ಪು ಎಂದು ಇದೇ ಮೈಕಿನಲ್ಲಿ ಒಪ್ಪಿಕೊಳ್ಳಿ, ಇನ್ನೊಬ್ಬರ ಮಗು ಸಾಯಬಾರದು ಎಂದು ಪಾಸ್ಟರನ್ನು ಕೇಳಿಕೊಂಡರು. ಪಾಸ್ಟರ್ ಮೆಲ್ಲನೆ ‘ಸಹೋದರಿ, ಕ್ಷಮಿಸುವುದನ್ನು ಕಲಿಯಿರಿ’ ಎಂದರು.

‘ಕ್ಷಮಿಸಿ ಅಂತ ಕೇಳದವ್ನಿಗೆ ಕ್ಷಮೆ ಕೊಡೂದು ಹ್ಯಾಂಗೆ? ಬೇಡದವ್ನ ಬಾಗಿಲಿಗೆ ಹೋಗಿ ಭಿಕ್ಷೆ ಹಾಕಿ ಬರೂಕಾತ್ತಾ?’ ಎಂದು ಗಂಗಕ್ಕ ಈಗ ನನ್ನನ್ನು ಕೇಳುತ್ತಾರೆ. ಅಂದು ಅಕ್ಕ ಎಂದು ಕರೆದಿದ್ದ ಹೆಂಗಸರೇ ಅವರ ತೋಳು ಹಿಡಿದು ಮೆಟ್ಟಿಲಿಳಿಸಿದರು. ಮೈಮೇಲೆ ಇವತ್ತಿಗೂ ಆ ಹಿಡಿತ ಇದೆ ಎನ್ನುತ್ತಾರೆ.

ಇತ್ತ ಕೇರಿಯಲ್ಲೂ ನೆರಳು ಸಿಗಲಿಲ್ಲ. ಕುಲದೇವರನ್ನು ಬಿಟ್ಟದ್ದಕ್ಕೆ ಹೀಗಾಯಿತು, ತಪ್ಪುಕಾಣಿಕೆ ಹಾಕಿ ಶುದ್ಧ ಆಗಬೇಕು ಎಂದು ನೆಂಟರು ಪಟ್ಟು ಹಿಡಿದರು. ಗಂಗಕ್ಕ ಒಪ್ಪಲಿಲ್ಲ. ‘ಅವ್ರು ನಂಬಿಕೆ ಸಾಲ್ದು ಅಂದ್ರು, ಇವ್ರು ದೇವ್ರ ಶಾಪ ಅಂದ್ರು. ಗುಳಿಗೆ ಬಿಟ್ಟು ಸತ್ತದ್ದು ಅಂತ ಒಬ್ರ ಬಾಯಲ್ಲೂ ಬರ್ಲಿಲ್ಲ.’

ವರ್ಷದ ಬಳಿಕ ಜೀಪಿನಲ್ಲಿ ಇಬ್ಬರು ಬಂದರು. ಪೇಟೆಯಲ್ಲಿ ಮತಾಂತರದ ವಿರುದ್ಧ ದೊಡ್ಡ ಸಭೆಯಿದೆ, ವೇದಿಕೆ ಹತ್ತಿ ನಿಮ್ಮ ಕಥೆ ಹೇಳಬೇಕು, ಶಾಲು ಹೊದಿಸುತ್ತೇವೆ ಎಂದರು. ಗಂಗಕ್ಕ ಅವರಿಗೆ ಚಹಾ ಕೊಟ್ಟು ಒಂದೇ ಪ್ರಶ್ನೆ ಕೇಳಿದರು: ‘ನನ್ನ ಮಗಳ ಹೆಸರೆಂತ?’

‘ಹೆಸರೇ ಗೊತ್ತಿಲ್ಲ, ಅವಳ ಹೆಣ ಹೊತ್ತು ಮೆರವಣಿಗೆ ಮಾಡೂಕೆ ಬಂದ್ರಾ? ಚಹಾ ಕುಡದ್ರಿ, ಆತು, ಹೊರಡಿ ಅಂದೆ.’

ಗಂಗಕ್ಕ ಮೂರ್ಛೆ ರೋಗದವರ ಹಿಂದೆ ಬಿದ್ದದ್ದು ಇಜಾಬೆಲ್ ಬಾಯಿ ಎಂಬವರಿಂದಾಗಿ. ಅವರು ನಿವೃತ್ತ ನರ್ಸು, ಹುಟ್ಟಾ ಇಗರ್ಜಿಗೆ ಹೋಗುವ ಕ್ಯಾಥೊಲಿಕರು, ವಾರಕ್ಕೊಮ್ಮೆ ಗಂಗಕ್ಕನಿಂದ ಬಳಚು ಕೊಳ್ಳುವವರು. ಒಂದು ದಿನ ಗಂಗಕ್ಕ ಅವರ ಅಂಗಳದಲ್ಲಿ ಬುಟ್ಟಿ ಕುಕ್ಕಿ, ನಿಮ್ಮ ಯೇಸು ನನ್ನ ಮಗಳನ್ನು ಕೊಂದ ಎಂದು ಕೂಗಾಡಿದರು. ಇಜಾಬೆಲ್ ಬಾಯಿ ಸಿಟ್ಟಾಗಲಿಲ್ಲ. ‘ಮೂವತ್ತು ವರ್ಷ ನಾನು ಜಪಮಾಲೆ ಕಿಸೆಯಲ್ಲಿಟ್ಟೇ ಇಂಜೆಕ್ಷನ್ ಕೊಟ್ಟಿದ್ದೇನೆ ಗಂಗಾ. ನಿನಗೆ ಅವ ಹೇಳಿದ್ದು ಪಾಪದ ಮಾತು’ ಎಂದರು. ಮುಂದಿನ ತಿಂಗಳು ನರರೋಗದ ವೈದ್ಯರು ತಾಲೂಕಿನ ಆಸ್ಪತ್ರೆಗೆ ಬರುವ ದಿನ ಗಂಗಕ್ಕನನ್ನು ಜೊತೆಗೆ ಕರೆದೊಯ್ದರು. ಮೂರ್ಛೆ ಬಂದವರನ್ನು ಮಗ್ಗುಲಾಗಿ ಮಲಗಿಸುವುದು, ಬಾಯಿಗೆ ಏನನ್ನೂ ತುರುಕದಿರುವುದು, ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸಿದರೆ ಆಗುವ ಅನಾಹುತ, ಎಲ್ಲವನ್ನೂ ಕಲಿಸಿದರು. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಗಂಗಕ್ಕ ಈಗ ಗುಳಿಗೆಗಳನ್ನು ಹೆಸರು ಹಿಡಿದು ಗುರುತಿಸುತ್ತಾರೆ.

ಒಂದೂವರೆ ವರ್ಷದ ಹಿಂದೆ ಅವರ ಕಿವಿಗೊಂದು ಸುದ್ದಿ ಬಿತ್ತು. ಅದೇ ಪಾಸ್ಟರ್ ಶಿರಾಲಿಯಲ್ಲೂ ಕೂಟ ನಡೆಸುತ್ತಾರೆ, ಅಲ್ಲಿ ಮಾಲತಿ ಎಂಬ ಇಪ್ಪತ್ನಾಲ್ಕರ ಬಸುರಿ ಮೂರ್ಛೆಯ ಗುಳಿಗೆ ಬಿಟ್ಟಿದ್ದಾಳೆ ಎಂದು. ಗಂಗಕ್ಕ ಅಂದು ನದಿಗೆ ಇಳಿಯಲಿಲ್ಲ. ಕುಮಟಾಕ್ಕೊಂದು ಬಸ್ಸು, ಅಲ್ಲಿಂದ ಹೊನ್ನಾವರಕ್ಕೆ, ಅಲ್ಲಿಂದ ಭಟ್ಕಳದ ಬಸ್ಸು ಹತ್ತಿ ಶಿರಾಲಿಯಲ್ಲಿ ಇಳಿದು, ಕೇಳುತ್ತಾ ಕೇಳುತ್ತಾ ಮನೆ ಹುಡುಕಿದರು. ಮಾಲತಿಯ ಅತ್ತೆ ಮಾಸ್ತಮ್ಮ ಬಾಗಿಲಿಗೆ ಅಡ್ಡ ನಿಂತರು. ದುರಾತ್ಮ ಒಳಗೆ ಬರುವುದು ಬೇಡ ಎಂದರು.

ಗಂಗಕ್ಕ ಮೆಟ್ಟಿಲ ಮೇಲೆ ಕೂತರು. ಬಿಸಿಲು ಏರಿತು. ನೀರೂ ಸಿಗಲಿಲ್ಲ. ಮೂರು ಗಂಟೆಯ ಹೊತ್ತಿಗೆ ಒಳಗಿನಿಂದ ಪಾತ್ರೆ ಬಿದ್ದ ಸದ್ದು, ಮಾಸ್ತಮ್ಮನ ಕೂಗು. ಗಂಗಕ್ಕ ಒಳಗೆ ನುಗ್ಗಿದರು. ಅಡುಗೆಮನೆಯ ನೆಲದಲ್ಲಿ ಮಾಲತಿ ಸೆಟೆದು ನಡುಗುತ್ತಿದ್ದಳು. ಮಾಸ್ತಮ್ಮ ಎಣ್ಣೆ ಹಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದರು. ಗಂಗಕ್ಕ ಹುಡುಗಿಯನ್ನು ಎಡ ಮಗ್ಗುಲಿಗೆ ತಿರುಗಿಸಿ, ತಲೆಯಡಿ ತನ್ನ ಸೆರಗಿನ ಸುರುಳಿ ಇಟ್ಟು, ‘ರಿಕ್ಷಾ ಕರೀರಿ, ಪ್ರಾರ್ಥನೆ ರಿಕ್ಷಾದಲ್ಲಿ ಕೂತು ಮಾಡಿ’ ಎಂದು ಗದರಿದರು. ರಿಕ್ಷಾ ಬಂತು. ಭಟ್ಕಳದ ಆಸ್ಪತ್ರೆಯಲ್ಲಿ ತಾಯಿಯೂ ಹೊಟ್ಟೆಯ ಕೂಸೂ ಉಳಿದರು.

ನಾನು ಫೋನ್ ಮಾಡಿದಾಗ ಮಾಲತಿ ಹೆಣ್ಣುಮಗುವಿಗೆ ಉಣ್ಣಿಸುತ್ತಿದ್ದರು. ‘ಆ ದಿನ ಅವ್ರ ಕಂಡ್ರೆ ನಂಗೆ ಹೆದರಿಕೆ. ಈಗ ಅವ್ರ ಫೋನ್ ಬರದಿದ್ರೆ ಹೆದರಿಕೆ’ ಎಂದರು. ಅವರಿಗೆ ಮೂರ್ಛೆ ಬರದೆ ಒಂದೂವರೆ ವರ್ಷವಾಗಿದೆ. ಭಾನುವಾರದ ಕೂಟಕ್ಕೆ ಈಗಲೂ ಹೋಗುತ್ತಾರೆ.

ಇದರ ಬಗ್ಗೆ ಗಂಗಕ್ಕನಿಗೆ ಬೇಸರವಿಲ್ಲವೇ? ‘ಹೋಗ್ಲಿ. ಗುಳಿಗೆ ತಿಂದು ಹೋಗ್ಲಿ.’ ಅವರ ಮನೆಯಲ್ಲೂ ಇದೇ ಕಟ್ಟಳೆ. ಬೀರ ಇನ್ನೂ ಅದೇ ಮಹಡಿ ಹತ್ತುತ್ತಾರೆ. ಬಿಟ್ಟರೆ ಮತ್ತೆ ಕುಡಿಯುತ್ತೇನೆಂಬ ಭಯ ಅವರಿಗೆ. ಭಾನುವಾರ ಬೆಳಿಗ್ಗೆ ಗಂಗಕ್ಕ ಅವರ ಬಿಳಿ ಅಂಗಿ ತೆಗೆದಿಡುತ್ತಾರೆ, ಮಾತಾಡುವುದಿಲ್ಲ. ಬೀರ ಹಿಂದಿರುಗಿದ ಮೇಲೂ ಸಂಜೆಯವರೆಗೆ ಮಾತಿಲ್ಲ. ದೀಕ್ಷಾ ಹೋದ ಮೇಲೆ, ಏಳು ವರ್ಷದಿಂದ ಹೀಗೇ ನಡೆದಿದೆ.

ಹನ್ನೊಂದು ಗಂಟೆಗೆ ನೀರು ಏರತೊಡಗುತ್ತದೆ. ಗಂಗಕ್ಕ ದಂಡೆಗೆ ಬಂದು ಬಳಚು ತೊಳೆದು ಎರಡು ಬುಟ್ಟಿಗೆ ತುಂಬುತ್ತಾರೆ. ಒದ್ದೆ ಸೀರೆ ಹಿಂಡುತ್ತಿರುವಾಗ ಮತ್ತೆ ಫೋನು. ಅಂದು ಅವರನ್ನು ಮಹಡಿಯ ಮೆಟ್ಟಿಲಿಳಿಸಿದ ಹೆಂಗಸರಲ್ಲೊಬ್ಬರು. ಮೊಮ್ಮಗನಿಗೆ ಮೂರ್ಛೆ ಬರುತ್ತಿದೆ, ಡಾಕ್ಟರು ಯಾವತ್ತು ಬರುತ್ತಾರೆ, ಸಭೆಯವರಿಗೆ ಗೊತ್ತಾಗಬಾರದು ಎಂದು ಪಿಸುಗುಡುತ್ತಾರೆ. ಗಂಗಕ್ಕ ಸೀರೆಯನ್ನು ಇನ್ನೊಮ್ಮೆ ಬಿಗಿಯಾಗಿ ಹಿಂಡುತ್ತಾರೆ.

‘ಬರೂ ಮಂಗಳವಾರ. ಒಂಬತ್ತಕ್ಕೆ ಬಸ್‌ಸ್ಟ್ಯಾಂಡಲ್ಲಿ ನಿಲ್ಲು. ನಾನೇ ಬತ್ತೆ’ ಎಂದು ಇಟ್ಟುಬಿಡುತ್ತಾರೆ.

ಇಷ್ಟು ವರ್ಷವಾಯಿತು, ಸಿಟ್ಟು ಸ್ವಲ್ಪವಾದರೂ ತಣ್ಣಗಾಯಿತೇ ಎಂದು ನಾನು ಕೇಳುತ್ತೇನೆ. ಅವರು ಬುಟ್ಟಿಯನ್ನು ತಲೆಗೆತ್ತಿಕೊಳ್ಳುತ್ತಾರೆ.

‘ತಣ್ಣಗಾಗೂದು ಬೇಡ ನಂಗೆ. ಸಿಟ್ಟಿಲ್ದೆ ಇದ್ರೆ ನಾ ಆವತ್ತು ಶಿರಾಲಿ ಬಸ್ಸು ಹತ್ತುತಿದ್ನಾ? ಆ ಕೂಸಿಗೆ ಈಗ ನಾಲ್ಕು ಹಲ್ಲು ಬಂದದೆ.’