ಅಣ್ಣನ ಕ್ಯಾಮೆರಾದಾಗಿನ ಹತ್ತು ಮಿನಿಟ

ಬ್ಯಾಟರಿ ತಗದು ನಾಕು ದಿನಾ ಬಾಜೂಕ ಇಟ್ರ ಸಾಕು, ಮತ್ತ ಹಾಕಿದ ಕೂಡಲೇ ಹಳೇ ಕ್ಯಾಮೆರಾ ಮದಲ ಕೇಳೂದು ಒಂದ ಮಾತು: ತಾರೀಖು ಹಾಕ್ರಿ, ಟೈಮ್ ಹಾಕ್ರಿ. ಮದವಿ ಮನಿಯಾಗ ನಿದ್ದಿ ಹತ್ತಿದ್ದ ವಯಸ್ಸಾದ ಕಾಕಾ ದಿಗ್ಗನ ಎದ್ದು "ಎಷ್ಟಾತವಾ ಈಗ?" ಅಂದಂಗ. ನೀವೂ ನನ್ನಂಥಾವರ ಇದ್ರ, ಆ ಪ್ರಶ್ನಿಗೆ ಏನೋ ಒಂದ ಒತ್ತಿ ಮುಂದ ಹೋಗತೀರಿ. ನಾನೂ ಹಂಗ ಮಾಡತಿದ್ದೆ. ಈಗ ಮಾಡಂಗಿಲ್ಲ.

ಈ ಕ್ಯಾಮೆರಾ ನಮ್ಮಣ್ಣಂದು. ಖಾನಾಪುರದಾಗ ಮದವಿ ಫೋಟೋ ತಗಿಯೂದ ಅವನ ದಂಧೆ. ಅಂವ ಹೋಗಿ ಎರಡ ವರ್ಷ ಆತು. ಅವನ ಕ್ಯಾಮೆರಾದ ಗಡಿಯಾರ ಕಾಯಂ ಹತ್ತು ಮಿನಿಟ ಮುಂದ. ಕೆಟ್ಟಿರಲಿಲ್ಲ, ಬೇಕಂತಲೇ ಹಂಗ ಇಟ್ಟಿದ್ದ. ದಂಧೆ ಹೊಸದಾಗಿ ಸುರು ಮಾಡಿದಾಗ, ನಂದಗಡದ ಒಂದ ಮದವಿಯೊಳಗ, ಇಂವ ಅಡಗಿ ಮನಿಯಾಗ ಉಪ್ಪಿಟ್ಟು ತಿನಕೋತ ಕುಂತಿರಬೇಕಾದ್ರ ಮಂಟಪದಾಗ ಅಕ್ಕಿಕಾಳು ಬಿದ್ದ ಬಿಟ್ಟಿದ್ದುವು. ಮದಮಕ್ಕಳ ತಲಿಮ್ಯಾಲೆ ಅಕ್ಕಿಕಾಳು ಬೀಳೂದು ಒಂದ ಸಲ, ಮತ್ತೊಮ್ಮೆ ಒಗೀರಿ ಅಂತ ಹೇಳಾಕ ಬರತೈತೇನ್ರಿ? ಅವತ್ತ ಬೈಸಿಕೊಂಡ ಬಂದಾಂವ ಗಡಿಯಾರ ಮುಂದ ಮಾಡಿದ, ಮತ್ತೆಂದೂ ಹಿಂದ ತರಲಿಲ್ಲ. ಒಮ್ಮೆ ಫೋಟೋದ ಮೂಲ್ಯಾಗ ಅಚ್ಚಾದ ಟೈಮ್ ನೋಡಿ, ಗಂಡಿನ ತಾಯಿ "ಮುಹೂರ್ತ ತಪ್ಪಿಸಿ ಮದವಿ ಮಾಡ್ಯಾರ" ಅಂತ ಬೀಗರ ಕೂಡ ದೊಡ್ಡ ಜಗಳಾನ ತಗದಿದ್ದಳು. ಅಣ್ಣ ಹೋಗಿ ಕೈ ಮುಗದು, "ಯವ್ವಾ, ತಪ್ಪೇನಿದ್ರೂ ಈ ಡಬ್ಬೀದು, ಮುಹೂರ್ತದ್ದಲ್ಲ" ಅಂತ ಸಮಾಧಾನ ಮಾಡಿ ಬಂದ.

ನಾನು ಎಲ್ಲಿಗೆ ಹೋದ್ರೂ ತಡಾ ಮಾಡಿ ಮುಟ್ಟಾಕಿ. ಅವನಿಗೆ ಚೇಷ್ಟಿ ಮಾಡತಿದ್ದೆ: "ಗಡಿಯಾರ ಹಿಂಗ ಮುಂದ ಓಡಿಸಿದ್ರ ಆಯುಷ್ಯನೂ ಲಗೂ ಮುಗಿತೈತಿ ನೋಡೋ." ಬಾಯಿ ಅದು, ಆಡಿ ಬಿಡತೈತಿ. ಐವತ್ತೆರಡಕ್ಕ ಹೋದ.

ಮೊನ್ನೆ ಅವನ ಮಗಳ ಲಗ್ನ ಗೊತ್ತಾತು. ಅಣ್ಣನ ಹೆಂಡತಿ, ನಮ್ಮ ವೈನಿ ಫೋನ್ ಮಾಡಿದ್ರು. "ಸುಜಾ, ಫೋಟೋದವರು ಬರಲಿ, ಡ್ರೋನ್ ಹಾರಸಲಿ, ಬ್ಯಾಡ ಅನ್ನಂಗಿಲ್ಲ. ಅಕ್ಕಿಕಾಳಿಂದ ಒಂದ ಫೋಟೋ ಮಾತ್ರ ನಿಮ್ಮಣ್ಣನ ಕ್ಯಾಮೆರಾದಾಗ ಆಗಬೇಕು. ನೀನ ತಗೀಬೇಕು." ಕ್ಯಾಮೆರಾ ಕೈಗೆ ಕೊಡೂ ಮುಂದ ಇನ್ನೊಂದ ಮಾತು ಹೇಳಿದ್ರು: "ಬ್ಯಾಟರಿ ಬಾಳ ಹೊತ್ತು ತಗದಿಡಬ್ಯಾಡ." ನಾನು ಹೂಂ ಅಂದೆ. ಯಾಕ ಅಂತ ಕೇಳಲಿಲ್ಲ.

ಖಾನಾಪುರದ ಮಳಿ ಥಂಡಿಗೆ ಲೆನ್ಸಿನ್ಯಾಗ ಬೂಸ್ಟು ಹತ್ತಿತ್ತು. ಹೊಸಾ ಲೆನ್ಸ್ ತಂದೆ, ಕ್ಯಾಮೆರಾ ಅದನ್ನ ಗುರುತಾನ ಹಿಡೀವಲ್ದು. ಫರ್ಮ್‌ವೇರ್ ಅಪ್‌ಡೇಟ್ ಮಾಡ್ರಿ ಅಂತು ಇಂಟರ್ನೆಟ್. ಫರ್ಮ್‌ವೇರ್ ಅಂದ್ರ ಕ್ಯಾಮೆರಾದ ಒಳಗಿನ ಬುದ್ಧಿ ಅಂತ ತಿಳಕೋರಿ. ಫೇಸ್‌ಬುಕ್ಕಿನ್ಯಾಗ ಊರಿಗೆಲ್ಲಾ ಬುದ್ಧಿ ಹೇಳಾಕಿಗೆ ಒಂದ ಕ್ಯಾಮೆರಾಕ್ಕ ಬುದ್ಧಿ ತುಂಬೂದು ಯಾವ ಮಹಾ ಕೆಲಸ? ಫೈಲ್ ಇಳಿಸಿ ಕಾರ್ಡಿನ್ಯಾಗ ಹಾಕಿದೆ. "ಫೈಲ್ ಇಲ್ಲ" ಅಂತು. ಫೋಲ್ಡರಿನ ಒಳಗ ಇಟ್ಟಿದ್ದೆ, ಹೊರಗ ಇಡಬೇಕಿತ್ತಂತ. ಹೊರಗ ಇಟ್ಟೆ. ಸುರು ಆತು, ಗೆರಿ ಅರ್ಧಾ ತುಂಬಿತು, ಪಟ್ಟನ ಕತ್ತಲಿ. ಜಾಸ್ತಿ ಹೊತ್ತು ಬಾಳಿಕಿ ಬರಲಿ ಅಂತ ನಾನ ತಂದಿದ್ದ ಡುಪ್ಲಿಕೇಟ್ ಬ್ಯಾಟರಿ ಪೂರಾ ತುಂಬೇತಿ ಅಂತ ಸುಳ್ಳ ಹೇಳಿ ನಟ್ಟನಡುವ ಕೈ ಕೊಟ್ಟಿತ್ತು. ಏನ್ ಒತ್ತಿದ್ರೂ ಉಸಿರಿಲ್ಲ. ಲಗ್ನಕ್ಕ ಉಳದದ್ದು ಆರ ದಿನಾ. ಅಣ್ಣನ್ನ ಎರಡನೇ ಸಲ ಕಳಕೊಂಡೆ ಅನಿಸಿತು, ಈ ಸಲ ನನ್ನ ಕೈಯಾರೆ.

ನಮ್ಮೂರ ವಡಗಾವಿ ಓಣ್ಯಾಗ, ಎರಡೂ ಬಾಜು ಮಗ್ಗದ ಸಪ್ಪಳದ ನಡುವ, ಶಂಕರ ಕಾಕಾರದು ಕ್ಯಾಮೆರಾ ರಿಪೇರಿ ಅಂಗಡಿ. ಹೊಳ್ಳಿಸಿ ಮಳ್ಳಿಸಿ ನೋಡಿದ್ರು.

"ಇದಕ್ಕ ಕೈ ಹಚ್ಚಿದವರು ಯಾರ್ರೀ ಅಕ್ಕಾರ?"

"ನಾನರೀ."

"ಖರೇ ಹೇಳಿದ್ರಿ, ಚಲೋ ಆತು. ಉಳದವರೆಲ್ಲಾ ತಾನ ಕೆಟ್ಟೈತಿ ಅಂತಾರ."

ಅಣ್ಣನ ಅಸಲಿ ಬ್ಯಾಟರಿ ಪೂರಾ ಚಾರ್ಜ್ ಮಾಡಿ, ಸಣ್ಣ ಕಾರ್ಡಿನ್ಯಾಗ ಅದ ಫೈಲ್ ಒಂದ ಹಾಕಿ, "ಮುಗಿಯೂತನಾ ಯಾರೂ ಮುಟ್ಟಬ್ಯಾಡ್ರಿ" ಅಂದು, ನನ್ನ ಎರಡೂ ಕೈಯಾಗ ಚಾ ಕಪ್ಪು ಕೊಟ್ಟು ಕುಂದರಿಸಿದ್ರು. ಮೂರನೇ ಸಲಕ್ಕ ಕ್ಯಾಮೆರಾ ಕಣ್ಣ ಬಿಟ್ಟಿತು. ಎಲ್ಲಾ ಶಿಸ್ತಾಗಿ ಒರಸಿ, ಬಟ್ಟಿಯಾಗ ಸುತ್ತಿ ಕೊಟ್ರು. ಕಾಕಾರ ಕಾಲ ಮುಟ್ಟೂದೊಂದ ಬಾಕಿ ಇತ್ತು.

ಖಾನಾಪುರಕ್ಕ ಒಯ್ದೆ. ವೈನಿ ಹೊಸಾ ಲೆನ್ಸ್ ನೋಡಲಿಲ್ಲ. ಬಟನ್ ಒತ್ತಿ ಕ್ಯಾಮೆರಾದ ಪರದೆ ನೋಡಿದ್ರು, ಗ್ವಾಡಿ ಗಡಿಯಾರ ನೋಡಿದ್ರು, ಮತ್ತ ಪರದೆ ನೋಡಿದ್ರು.

"ಬರೋಬ್ಬರಿ ತೋರಿಸಾಕತ್ತೇತಲ್ಲ."

"ಹೂಂ ವೈನಿ, ರಿಪೇರಿಯವರು ಟೈಮೂ ಸರಿ ಮಾಡಿ ಕೊಟ್ಟಾರ" ಅಂದೆ, ಹೆಮ್ಮಿಲೇ. ಅಂದ ಮ್ಯಾಲೆ ತಿಳೀತು.

"ಎರಡ ವರ್ಷ ಬ್ಯಾಟರಿ ಚಾರ್ಜ್ ಮಾಡಿ ಮಾಡಿ ಇಟ್ಟಿದ್ನಿ" ಅಂದ್ರು ವೈನಿ. "ಅವರು ಇಟ್ಟ ಟೈಮು. ನಿಲ್ಲಬಾರದು ಅಂತ."

ಬೈದಿದ್ರ ಚಲೋ ಇತ್ತು. ಬೈಲಿಲ್ಲ. ನಾನು ತಲಿ ತಗ್ಗಿಸಿ ಕುಂತೆ. ಕಡೀಕ ವೈನಿನ ಕೈ ಚಾಚಿದ್ರು. "ತಾ ಇಲ್ಲೆ." ಆ ಕ್ಯಾಮೆರಾದಾಗ ಒಂದ ಫೋಟೋನೂ ತಗದಾವರಲ್ಲ ಅವರು. ಆದ್ರ ಬಟ್ಟು ಸೀದಾ ಹೋಗಿ ಟೈಮ್ ಹಾಕೂ ಜಾಗಾಕ್ಕ ನಿಂತುವು. ಅಷ್ಟು ವರ್ಷ ಬಾಜೂಕ ಕುಂತು ನೋಡಿದ್ರಲ್ಲ. ಹತ್ತು ಮಿನಿಟ ಮುಂದ ಮಾಡಿ ನನ್ನ ಕೈಗೆ ಕೊಟ್ರು.

"ಇದು ಅವರ ಇಟ್ಟದ್ದಲ್ಲ" ಅಂದ್ರು. "ಆದ್ರೂ ಇರಲಿ."

ಲಗ್ನದ ದಿನಾ ಜೀವನದಾಗ ಮದಲನೇ ಸಲ ಎಲ್ಲಾರಕಿಂತ ಮದಲ ಮಂಟಪದ ಮುಂದ ನಿಂತಾಕಿ ನಾನು. ಕ್ಯಾಮೆರಾದ ಟೈಮ್ ನೋಡಿ ಓಡಿ ಬಂದಿದ್ದೆ. ಬಂದು ನೋಡಿದ್ರ ಅಯ್ಯನೋರು ಇನ್ನೂ ಚಾ ಕುಡ್ಯಾಕತ್ತಿದ್ರು. ಆ ಹತ್ತು ಮಿನಿಟ ಖಾಲಿ ಮಂಟಪದ ಮುಂದ ಒಬ್ಬಾಕಿನ ನಿಂತೆ. ಅಣ್ಣ ಪ್ರತಿ ಮದವಿಯಾಗೂ ನಿಲ್ಲತಿದ್ದದ್ದು ಇಲ್ಲೆ, ಹಿಂಗ, ಕಾಯಕೋತ. ಅಕ್ಕಿಕಾಳು ಬಿದ್ದುವು. ಫೋಟೋ ಬಂತು, ತುಸು ಅಳ್ಳಾಡೇತಿ. ವೈನಿ ಅದನ್ನ ಕಟ್ಟು ಹಾಕಿಸಿ ಅಣ್ಣನ ಫೋಟೋದ ಬಾಜೂಕ ಇಟ್ಟಾರ.

ನಿನ್ನೆ ವೈನಿ ಫೋನ್ ಮಾಡಿದ್ರು, ಬ್ಯಾಟರಿ ಚಾರ್ಜಿಗೆ ಹಾಕಿ ನಾಕೈದು ದಿನಾ ಮರತ ಬಿಟ್ಟಿದ್ರಂತ. ಮತ್ತ ಹಾಕಿದ್ರ ಅದ ಪ್ರಶ್ನಿ: ತಾರೀಖು ಹಾಕ್ರಿ, ಟೈಮ್ ಹಾಕ್ರಿ.

"ಈಗ ಎಷ್ಟಾಗೇತಿ ಸುಜಾ?"

ಗ್ವಾಡಿ ಗಡಿಯಾರ ನೋಡಿದೆ, ಹತ್ತು ಕೂಡಿಸಿ ಹೇಳಿದೆ.