ಪೂಜೆಗೆ ಕೂತ ಪಾನಾ

ಚನ್ನಬಸಪ್ಪನಂಥ ಅಂಜುಬುರುಕ ಮೋಟರ್‌ಸೈಕಲ್ಲಿನ ಹುಚ್ಚು ಹಚ್ಚಿಕೊಂಡದ್ದೇ ಒಂದು ಸೋಜಿಗ. ಮಗಳು ಕೆಮ್ಮಿದರೆ ಅಂಜುತ್ತಿದ್ದ, ಕೆಮ್ಮದೆ ಗಪ್ಪಾಗಿ ಮಲಗಿದರೆ ಇನ್ನೂ ಹೆಚ್ಚು ಅಂಜುತ್ತಿದ್ದ. ಗದಗದ ಕಡೆಯಿಂದ ಹೈದರಾಬಾದಿಗೆ ಬಂದು ಪಟಾನ್‌ಚೆರು ದಾರಿಯ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ಸೇರಿದ ಹೊಸತರಲ್ಲಿ, ರಸ್ತೆ ದಾಟಬೇಕಾದರೆ ಯಾರಾದರೂ ಮುಂದಾಗಲಿ ಎಂದು ಕಾದು ನಿಂತು, ಅವರ ಬೆನ್ನಿಗೆ ಬಿದ್ದು ದಾಟುತ್ತಿದ್ದ. ಅಂಥವನು ಒಂದು ದಿನ ಅಬಿಡ್ಸ್‌ನ ಗಲ್ಲಿಯೊಂದರಲ್ಲಿ ತುಕ್ಕು ತಿನ್ನುತ್ತ ನಿಂತಿದ್ದ ಯೆಜ್ಡಿ ಗಾಡಿಯನ್ನು ಟೆಂಪೋದಲ್ಲಿ ಹೇರಿಕೊಂಡು ಮನೆಗೆ ತಂದ.

"ಮೈಸೂರಾಗ ಹುಟ್ಟಿದ ಗಾಡಿ. ಇಲ್ಲಿ ಪರದೇಶಿ ಹಂಗ ನಿಂತಿತ್ತು, ನೋಡಾಕ ಆಗಲಿಲ್ಲ" ಎಂದು ಹೆಂಡತಿ ವನಜಾಗೆ ಹೇಳಿದ. ಆಕೆ ಹಣೆ ಹಣೆ ಬಡಿದುಕೊಂಡಳು.

ಅವನ ಹುಚ್ಚಿಗೆ ಅವನದೇ ಒಂದು ಕಾರಣವಿತ್ತು. ಬಿಚ್ಚಿ ಒಳಗೆ ನೋಡಿದ ವಸ್ತುವಿಗೆ ಅವನು ಅಂಜುತ್ತಿರಲಿಲ್ಲ. ಲೋಕವನ್ನು ಬಿಚ್ಚಿ ನೋಡಲಾಗುವುದಿಲ್ಲ, ಮಗಳನ್ನು ಬಿಚ್ಚಿ ನೋಡಲಾಗುವುದಿಲ್ಲ; ಗಾಡಿಯನ್ನು ಬಿಚ್ಚಬಹುದು. ಪುತ್ಲಿಬೌಲಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಭಾನುವಾರಗಳನ್ನು ಕಳೆದು, ಒಂದೊಂದೇ ಬಿಡಿಭಾಗ ಹೊಂದಿಸಿ ಅದಕ್ಕೆ ಜೀವ ತಂದ. ಆಮೇಲೂ ಕೈ ಸುಮ್ಮನಿರಲಿಲ್ಲ. ಸೀಟು ತಗ್ಗಿಸಿದ, ಹ್ಯಾಂಡಲ್ ಎತ್ತರಿಸಿದ, ಲಾರಿಯೊಂದರ ದೊಡ್ಡ ದೀಪ ತಂದು ಕೂರಿಸಿದ. ಟ್ಯಾಂಕಿಗೆ ಹಸಿರು ಬಳಿದು, ವನಜಾಳ ಇಳಕಲ್ ಸೀರೆಯನ್ನು ಮುಂದೆ ಹರವಿಕೊಂಡು ಅದರ ಕೆಂಪು ಅಂಚನ್ನು ಹಾಗೆಯೇ ಬರೆದ. ಇಷ್ಟೆಲ್ಲ ಮಾಡಿ ಓಡಿಸುವುದು ಮಾತ್ರ ಎಷ್ಟು ನಿಧಾನವೆಂದರೆ ಹಾಲಿನವನ ಸೈಕಲ್ಲು ಅವನನ್ನು ಹಿಂದೆ ಹಾಕುತ್ತಿತ್ತು. ಗಾಡಿ ಹುಲಿ, ಸವಾರ ಮೊಲ ಎಂದು ಕಾಲೋನಿಯವರು ನಗುತ್ತಿದ್ದರು.

ಮಗಳು ವರ್ಷಾ ಮಾತ್ರ ಅಪ್ಪನ ಹುಚ್ಚನ್ನು ತಗೊಂಡಳು, ಅಂಜಿಕೆಯನ್ನು ಅವನಿಗೇ ಬಿಟ್ಟಳು. ಗಾಡಿ ಕಲಿಸುವಾಗ ಅವನು ಒಂದೇ ಮಾತನ್ನು ಅವಳ ಕಿವಿ ತೂತಾಗುವಷ್ಟು ಸಲ ಹೇಳಿದ್ದ: "ಹತ್ತೂಕಿಂತ ಮೊದಲ ಗಾಲಿ ಅಳ್ಳಾಡಿಸಿ ನೋಡವಾ. ಕಣ್ಣಿನ ಮಾತು ನಂಬಬ್ಯಾಡ, ಕೈ ಹಚ್ಚಿ ನೋಡು." ಊರಿನ ಪಡುವಣದ ಬಂಡೆಗಳನ್ನೆಲ್ಲ ಒಡೆದು ಗಾಜಿನ ಕಟ್ಟಡಗಳು ಏಳುತ್ತಿದ್ದ ವರ್ಷಗಳವು. ವರ್ಷಾ ಮಾದಾಪುರದ ಒಂದು ಕಂಪನಿ ಸೇರಿದಳು. ದಿನಾ ಕಂಪನಿಯ ಕ್ಯಾಬ್ ಬಂದು ಕರೆದೊಯ್ಯುತ್ತಿತ್ತು. ಅದರ ಚಾಲಕ ನಿದ್ದೆಗಣ್ಣಿನವನೋ ಏನೋ ಎಂದು ಚನ್ನಬಸಪ್ಪ ದಿನಾ ಹೋಗಿ ಅವನ ಮುಖ ನೋಡಿ ಬರುತ್ತಿದ್ದ.

ಆ ಸಲದ ಮಹಾನವಮಿಯ ದಿನ ಎಡವಟ್ಟಾಯಿತು. ಅವತ್ತು ಖಂಡೆ ಪೂಜೆ. ಮನೆಯ ಕಬ್ಬಿಣದ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಇಟ್ಟರೆ, ಮರುದಿನ ಬನ್ನಿ ಮುಡಿಯುವ ತನಕ ಯಾರೂ ಮುಟ್ಟುವ ಹಾಗಿಲ್ಲ. ಹಬ್ಬಕ್ಕೆ ಗಾಡಿ ಸಿಂಗರಿಸುವ ಮುಂಚೆ ಸಡಿಲಾಗಿದ್ದ ಚೈನನ್ನು ಎಳೆದು ಕೂರಿಸೋಣವೆಂದು ಚನ್ನಬಸಪ್ಪ ಹಿಂಗಾಲಿಯ ದೊಡ್ಡ ನಟ್ಟು ಸಡಿಲಿಸಿದ್ದ. ಅಷ್ಟರಲ್ಲಿ ವನಜಾ ಸ್ನಾನಕ್ಕೆ ಕೂಗಿದಳು. ಎರಡು ತಂಬಿಗೆ ಸುರಿದುಕೊಂಡು ಬಂದು ಬಿಗಿಯೋಣವೆಂದು ನಟ್ಟನ್ನು ಬೆರಳಲ್ಲೇ ತಿರುಗಿಸಿಟ್ಟು ಹೋದ.

ಬರುವಷ್ಟರಲ್ಲಿ ವನಜಾ ಸುತ್ತಿಗೆ, ಇಕ್ಕಳ, ಪಾನಾಗಳನ್ನೆಲ್ಲ ಬಾಚಿ ಒಯ್ದು, ತೊಳೆದು, ವಿಭೂತಿ ಕುಂಕುಮ ಹಚ್ಚಿ ಸಾಲಾಗಿ ಕೂರಿಸಿಬಿಟ್ಟಿದ್ದಳು. ಆ ನಟ್ಟು ಬಿಗಿಯುವ ದೊಡ್ಡ ಪಾನಾ ನಟ್ಟನಡುವೆ ಹೂ ಮುಡಿದು ಕೂತಿತ್ತು. ಅವನ ಕೈ ಮುಂದೆ ಹೋಯಿತು.

"ಮುಟ್ಟಬ್ಯಾಡ್ರಿ! ಪೂಜಿ ಆಗೈತಿ" ಎಂದಳು ವನಜಾ.

ಖಂಡೆ ಪೂಜೆಯ ದಿನ ಕುಡುಗೋಲು ಎತ್ತಿದ ಅವನ ಅಪ್ಪ ಆ ವಾರವೇ ಒಂದು ಬೆರಳು ಕಳೆದುಕೊಂಡಿದ್ದನೆಂದು ಅವನ ಅವ್ವ ಹೇಳುತ್ತಿದ್ದಳು. ಆ ಬೆರಳಿಲ್ಲದ ಕೈಯಿಂದಲೇ ಉಂಡು ಬೆಳೆದವನು ಚನ್ನಬಸಪ್ಪ. ಕೈ ಹಿಂದಕ್ಕೆ ಬಂತು. ನಾಳೆ ಬನ್ನಿ ತಂದ ಕೂಡಲೇ ಬಿಗಿದರಾಯಿತು, ಅಲ್ಲೀತನಕ ಗಾಡಿ ಹತ್ತುವವರು ಯಾರಿದ್ದಾರೆ ಎಂದುಕೊಂಡ. ಯಾರಿಗೂ ಹೇಳಲಿಲ್ಲ. ಸಂಜೆ ವರ್ಷಾ ಗಾಡಿಗೆ ಚೆಂಡು ಹೂವಿನ ಮಾಲೆ ಹಾಕಿ, ಗಾಲಿಗೆ ಲಿಂಬೆಹಣ್ಣು ಇಟ್ಟಳು.

ದಶಮಿಯ ಬೆಳಿಗ್ಗೆ ಕಾಲೋನಿಯ ಗುಡಿಯಿಂದ ಬನ್ನಿ ತಗೊಂಡು ಅವನು ಮನೆಗೆ ಬಂದರೆ ಅಂಗಳದಲ್ಲಿ ಗಾಡಿ ಇರಲಿಲ್ಲ. ಲಿಂಬೆಹಣ್ಣು ನೆಲಕ್ಕೆ ಅಪ್ಪಚ್ಚಿಯಾಗಿತ್ತು.

"ಗಾಡಿ ಎಲ್ಲೈತಿ?"

"ವರ್ಷಾ ಒಯ್ದಾಳ್ರಿ" ಎಂದಳು ವನಜಾ, ಹೋಳಿಗೆ ಲಟ್ಟಿಸುತ್ತ. "ಹಬ್ಬಕ್ಕಂತ ಕ್ಯಾಬ್ ಬರಲಿಲ್ಲ. ಅಮೇರಿಕದವರಿಗೆ ದಸರಾ ಇಲ್ಲಲ್ಲ, ರಜಾ ಕೊಟ್ಟಿಲ್ಲ. ನಾನ ಹೋಗು ಅಂದೆ. ಪೂಜಿ ಆದ ಗಾಡಿ, ಏನಾಗತೈತಿ?"

ಚನ್ನಬಸಪ್ಪ ಕೈಯಲ್ಲಿದ್ದ ಬನ್ನಿಯನ್ನು ಅಂಗಿಯ ಜೇಬಿಗೆ ತುರುಕಿದ. ಒಳಗೆ ಹೋಗಿ ಮಗಳ ಮೊಬೈಲಿಗೆ ಫೋನ್ ಮಾಡಿದ. ಅತ್ತ ಗಂಟೆ ಹೊಡೆಯತೊಡಗಿತು. ಒಂದು ಸಲ, ಎರಡು ಸಲ. ಅವಳು ಒಂದು ಕೈ ಬಿಟ್ಟು ಬ್ಯಾಗಿನಲ್ಲಿ ತಡಕಾಡುತ್ತಿರುವುದು ಕಣ್ಣೆದುರು ಬಂತು. ಬೆಂಕಿ ಮುಟ್ಟಿದವನ ಹಾಗೆ ಫೋನ್ ಇಟ್ಟುಬಿಟ್ಟ.

ಪಕ್ಕದ ಓಣಿಯ ಅಂಬಾದಾಸ ಹುಮನಾಬಾದ್ ಕಡೆಯವನು, ಆಟೋ ಓಡಿಸುವವನು. ಚನ್ನಬಸಪ್ಪ ಅಲ್ಲಿಗೆ ಓಡಿದಾಗ ಅವನು ಹೂವು ಬಾಳೆಕಂದು ಕಟ್ಟಿದ ಆಟೋದ ಮುಂದೆ ಕುಂಬಳಕಾಯಿ ಹಿಡಿದು ನಿಂತಿದ್ದ.

"ಅಂಬಾದಾಸಾ, ಮಗಳು... ಹಿಂಗಾಲಿ ನಟ್ಟು ಬಿಗಿದಿಲ್ಲೋ!"

ಅಂಬಾದಾಸ ಕುಂಬಳಕಾಯಿಯನ್ನು ಒಡೆಯದೆ ಹೆಂಡತಿಯ ಕೈಗೆ ಕೊಟ್ಟ. "ಕೂಡ್ರಿ ಕಾಕಾ" ಎಂದ, ಅಷ್ಟೇ.

ದಾರಿಯುದ್ದಕ್ಕೂ ಚನ್ನಬಸಪ್ಪ ಆಟೋದಿಂದ ತಲೆ ಹೊರಗೆ ಹಾಕಿದ್ದ. ನಟ್ಟು ಈಗ ಎಷ್ಟು ಸುತ್ತು ಬಿಚ್ಚಿರಬಹುದು? ಅವನ ಬೆರಳಿಗೆ ಅದರ ಒಂದೊಂದು ಎಳೆಯೂ ಗೊತ್ತಿತ್ತು. ಗಾಲಿ ಓರೆಯಾಗುತ್ತದೆ, ಚೈನು ಕಳಚುತ್ತದೆ, ಹಿಂಗಾಲಿ ಗಪ್ಪನೆ ಹಿಡಿದುಕೊಳ್ಳುತ್ತದೆ. ಬೆನ್ನ ಹಿಂದೆ ಲಾರಿ ಇರುತ್ತದೆ. ಬಿಚ್ಚಿ ನೋಡಿದ ವಸ್ತುವಿಗೆ ಅಂಜಬೇಕಿಲ್ಲ ಎಂದುಕೊಂಡವನಿಗೆ ಅವತ್ತು ಒಳಗಿನದೆಲ್ಲ ಕಂಡದ್ದೇ ಮುಳುವಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಆ ಬುದ್ಧಿ ಬರಬಾರದಾಗಿತ್ತು ಅನ್ನಿಸಿತು.

ಲಿಂಗಂಪಲ್ಲಿಯ ಹತ್ತಿರ ರಸ್ತೆಯ ನಡುವೆ ಕೆಂಪಗೆ ಹರಡಿತ್ತು. "ನಿಲ್ಲಸೋ!" ಎಂದು ಚೀರಿದ. ಆಟೋ ನಿಲ್ಲುವ ಮುಂಚೆಯೇ ಕಾಲು ಇಳಿಬಿಟ್ಟಿದ್ದ. ನೋಡಿದರೆ ಕುಂಕುಮ ತುಂಬಿ ಒಡೆದ ಕುಂಬಳಕಾಯಿ. ಮುಂದೆ ಮತ್ತೊಂದು ಕೆಂಪು, ಅದರಾಚೆ ಇನ್ನೊಂದು. ಊರಿನ ಗಾಡಿಗಳಿಗೆಲ್ಲ ಅವತ್ತು ದೃಷ್ಟಿ ತೆಗೆದಿದ್ದರು. ಪ್ರತಿ ಕೆಂಪಿಗೂ ಅವನ ಜೀವ ಬಾಯಿಗೆ ಬರುತ್ತಿತ್ತು.

ಗಚ್ಚಿಬೌಲಿ ದಾಟಿದ ಮೇಲೆ ಒಂದು ಕಡೆ ಜನ ಗುಂಪುಗೂಡಿದ್ದರು.

"ಇಳಿದು ನೋಡ್ಲೇನ್ರಿ ಕಾಕಾ?" ಎಂದ ಅಂಬಾದಾಸ.

ಚನ್ನಬಸಪ್ಪ ಕಣ್ಣು ಮುಚ್ಚಿ ಕೂತ. ದೇವೀ, ನನ್ನವ್ವಾ, ಬೆರಳು ಬೇಕಾದರೆ ತಗೋ, ಎರಡೂ ಕೈ ತಗೋ ಎಂದು ಬೇಡಿಕೊಂಡ. ಅಂಬಾದಾಸ ಹೋಗಿ ಬಂದು, "ಕೋಳಿ ಮಾರಾಕತ್ತಾರ್ರಿ" ಎಂದ. ಚನ್ನಬಸಪ್ಪ ಅಳತೊಡಗಿದ.

ಕಂಪನಿಯ ಗೇಟಿನ ಕಾವಲುಗಾರ ತೆಲುಗಿನಲ್ಲಿ ಏನೋ ಕೇಳಿದ. ತಂತಿಯ ಬೇಲಿಯಾಚೆ, ಹೊಸ ಗಾಡಿಗಳ ನಡುವೆ, ಚೆಂಡು ಹೂವಿನ ಮಾಲೆ ಹಾಕಿಕೊಂಡು ಇಳಕಲ್ ಅಂಚಿನ ಯೆಜ್ಡಿ ನೆಟ್ಟಗೆ ನಿಂತಿತ್ತು. ಹುಟ್ಟಿದಾಗಿನಿಂದ ಪೊಲೀಸರಿಗೂ ಪ್ಯೂನರಿಗೂ ಅಂಜಿದವನು ಕಾವಲುಗಾರನನ್ನು ಪಕ್ಕಕ್ಕೆ ತಳ್ಳಿ ಒಳಗೆ ಓಡಿದ. ನೆಲಕ್ಕೆ ಮಂಡಿಯೂರಿ ಹಿಂಗಾಲಿಯ ನಟ್ಟಿಗೆ ಕೈ ಹಚ್ಚಿದ.

ನಟ್ಟು ಕಲ್ಲಿನಷ್ಟು ಬಿಗಿಯಾಗಿತ್ತು. ಅದರ ಮೂಲೆಗಳಲ್ಲಿ ಕುಂಕುಮ ಮೆತ್ತಿತ್ತು.

ಯಾರೋ ಫೋನ್ ಮಾಡಿ ಹೇಳಿರಬೇಕು, ವರ್ಷಾ ಕೊರಳಲ್ಲಿ ಕಂಪನಿಯ ಕಾರ್ಡು ತೂಗಾಡಿಸುತ್ತ ಓಡಿಬಂದಳು. ಅಪ್ಪ ಗಾಲಿಯ ಬುಡದಲ್ಲಿ ಕೂತಿರುವುದನ್ನು ನೋಡಿ ಅವಳಿಗೆ ತಿಳಿಯಿತು.

"ಬೆಳಿಗ್ಗೆ ಅಳ್ಳಾಡಿಸಿ ನೋಡಿದ್ನೆಪಾ, ಗಾಲಿ ಕುಣೀತಿತ್ತು" ಎಂದಳು. "ನೀನೂ ಇರಲಿಲ್ಲ. ಅವ್ವ ಅಡಗಿ ಮನ್ಯಾಗ ಇದ್ಲು. ದೇವರ ಮುಂದಿನ ಪಾನಾ ತಗೊಂಡೆ. ಕೈ ಮುಗದ ತಗೊಂಡೀನಿ ಮತ್ತ. ಬಿಗಿದು ಹಂಗ ಇಟ್ಟ ಬಂದೀನಿ. ಅವ್ವಗ ಹೇಳಬ್ಯಾಡ."

ಚನ್ನಬಸಪ್ಪನ ಕೈ ಇನ್ನೂ ನಟ್ಟಿನ ಮೇಲೆಯೇ ಇತ್ತು.

"ಅಪ್ಪಾ, ಬಿಗಿದಿಲ್ಲಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತವಾ."

"ಮತ್ತ್ಯಾಕ ಬಿಗೀಲಿಲ್ಲ?"

"ಅಂಜಿಕಿ ಬಂತು."

"ಯಾರಿಗೆ ಅಂಜಿದಿ?"

ಅವನು ನಟ್ಟಿನ ಮೇಲಿಂದ ಕೈ ತೆಗೆದ. ಅಂಗಿಯ ಜೇಬಿನಲ್ಲಿ ಬನ್ನಿಯ ಎಲೆಗಳಿದ್ದವು. ಬಂಗಾರದಂಗ ಇರೋಣು ಎಂದು ಹೇಳಿ ಕೊಡುವುದು ವಾಡಿಕೆ. ಎಲೆಗಳನ್ನು ಮಗಳ ಅಂಗೈಯಲ್ಲಿಟ್ಟು, ಆ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಅವಳ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತ ಕೂತ. ಅಂಬಾದಾಸ ಕಾವಲುಗಾರನಿಗೆ ಸಮಾಧಾನ ಹೇಳುತ್ತಿದ್ದ.

ಮರುವರ್ಷದ ಖಂಡೆ ಪೂಜೆಗೆ ವನಜಾ ಸಾಮಾನುಗಳನ್ನು ಸಾಲಾಗಿ ಕೂರಿಸುತ್ತ, "ದೊಡ್ಡ ಪಾನಾ ಎಲ್ರಿ?" ಎಂದು ಕೇಳಿದಳು.

"ಅದು ಗಾಡಿ ಹತ್ರ ಇರಲಿ" ಎಂದ ಚನ್ನಬಸಪ್ಪ. ದೇವಿಯ ಅಂಜಿಕೆಯೇನೂ ಹೋಗಿರಲಿಲ್ಲ. ವನಜಾ ಗಂಡನ ಮುಖ ನೋಡಿದಳು, ಮಗಳ ಮುಖ ನೋಡಿದಳು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಅಂಗಳಕ್ಕೆ ಹೋಗಿ, ಗಾಡಿಯ ಪಕ್ಕ ಮೊಳೆಗೆ ತೂಗುಹಾಕಿದ್ದ ಪಾನಾಕ್ಕೆ ನಿಂತಲ್ಲೇ ಒಂದು ಬೊಟ್ಟು ಇಟ್ಟು ಬಂದಳು.