ಅಳಿಸದೆ ಬಿಟ್ಟ ಕೆಂಪು ಹೂವು

ಕಸೂತಿ ಅಂಗಡಿಯ ಸೊಸೆ ಎಂದರೆ ಬಾಯಿ ಜೋರು ಎಂದು ಬೀದಿಗೆಲ್ಲ ಗೊತ್ತು. ಶಾಲೆಯ ಅಂಗಿಗೆ ಲಾಂಛನ, ಹೋಟೆಲಿನ ಟವೆಲಿಗೆ ಹೆಸರು, ಮಗುವಿನ ಫ್ರಾಕಿಗೆ ಬಾತುಕೋಳಿ, ಏನೇ ಹೊಲಿಸಬೇಕಿದ್ದರೂ ಗಿರಾಕಿಯ ಜೊತೆ ಒಂದು ಸುತ್ತು ವಾದ ಮುಗಿಸಿಯೇ ಒಪ್ಪಿಕೊಳ್ಳುವವಳು. ಅಂಥವಳು ಕಂಪ್ಯೂಟರಿನ ಒಂದು ಪುಟ್ಟ ಚಿತ್ರವನ್ನು ಅಳಿಸಲು ಹೆದರಿದಳೆಂದರೆ ಯಾರೂ ನಂಬಲಿಕ್ಕಿಲ್ಲ.

ಇವಳಿಗೆ ಕೆಲಸ ಕಲಿಸಿದವರು ಮಾವ. ಮದುವೆಯಾಗಿ ಬಂದ ಹೊಸತರಲ್ಲಿ ಇವಳು ಮೌಸ್ ಮುಟ್ಟಲೂ ಹೆದರುತ್ತಿದ್ದಳು. ಅವರು ಪಕ್ಕದಲ್ಲೇ ಸ್ಟೂಲ್ ಎಳೆದುಕೊಂಡು ಕೂತು, "ಒತ್ತಮ್ಮಾ, ಅದೇನು ಕಚ್ಚಲ್ಲ. ಕೆಟ್ರೆ ನಾನಿದ್ದೀನಿ," ಎನ್ನುತ್ತಿದ್ದರು. ಅವರೂ ತಲೆ ನರೆತ ಮೇಲೆ ಕಲಿತವರೇ. ಗೊತ್ತಿದ್ದದ್ದು ಕಸೂತಿಯ ಚಿತ್ರ ಬಿಡಿಸುವ ಒಂದೇ ಸಾಫ್ಟ್‌ವೇರ್. ಪರದೆಯ ಮೂಲೆಯಲ್ಲಿದ್ದ ಕೆಂಪು ಹೂವನ್ನು ಎರಡು ಸಲ ಒತ್ತಿದರೆ ಅದು ತೆರೆದುಕೊಳ್ಳುತ್ತಿತ್ತು. ಅದರಲ್ಲಿ ಒಂದೊಂದೇ ಹೊಲಿಗೆ ಕೂರಿಸಿ ಅವರು ಬಿಡಿಸಿದ ಎಲೆಬಳ್ಳಿಗಳೇ ಆ ಮನೆಯನ್ನು ಸಾಕಿದ್ದವು.

ಹೊಸ ಕಸೂತಿ ಯಂತ್ರ ಬಂತು, ಅದರ ಹಿಂದೆಯೇ ಹೊಸ ಸಾಫ್ಟ್‌ವೇರೂ ಬಂತು. ಎರಡೂ ಒಟ್ಟಿಗಿದ್ದರೆ ಕಂಪ್ಯೂಟರ್ ಕುಂಟುತ್ತಿತ್ತು. ಮಾವ ಊಟಕ್ಕೆಂದು ಹಿಂಬದಿಯ ಮನೆಗೆ ಹೋದಾಗ ಇವಳು ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡಿದಳು. ಸಾಫ್ಟ್‌ವೇರ್ ಹೋಯಿತು, ಹೂವು ಮಾತ್ರ ಅಲ್ಲೇ ಉಳಿಯಿತು. ಅದನ್ನೂ ಅಳಿಸಲು ಹೊರಟವಳು ಕೈ ತಡೆದಳು. ಹೂವು ಕಾಣದಿದ್ದರೆ ಬಂದ ಕೂಡಲೇ ಕೇಳುತ್ತಾರೆ, ಸಮಯ ನೋಡಿ ಹೇಳಿದರಾಯಿತು ಎಂದುಕೊಂಡಳು. ಅವರ ಮನಸ್ಸು ನೋಯಬಾರದೆಂದೇ ಹೀಗೆ ಮಾಡಿದ್ದು ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಳು. ಅದೆಲ್ಲ ಸುಳ್ಳು. ಮುಖ ಕೊಟ್ಟು ಹೇಳುವ ಧೈರ್ಯ ಇರಲಿಲ್ಲ.

ಮಾವ ಬಂದು ಹೂವನ್ನು ಒತ್ತಿದರು. ಏನೂ ತೆರೆಯಲಿಲ್ಲ. ಬದಲಿಗೆ ಚಿಕ್ಕ ಚೌಕವೊಂದು ಎದ್ದು, ಇದರ ಮೂಲ ಸಿಗುತ್ತಿಲ್ಲ, ಅಳಿಸಲೇ ಎಂದು ಕೇಳಿತು. ಅಳಿಸುವ ಮಾತು ಕಂಡದ್ದೇ ಅವರು ಗಾಬರಿಯಾಗಿ 'ಬೇಡ' ಒತ್ತಿದರು. ಇನ್ನೊಮ್ಮೆ ಹೂವು, ಇನ್ನೊಮ್ಮೆ 'ಬೇಡ'. ಇವಳು ದಾರದ ರೀಲುಗಳನ್ನು ಜೋಡಿಸುತ್ತ ಕಂಡೂ ಕಾಣದಂತೆ ನಿಂತಿದ್ದಳು. ಮರುದಿನವೂ ಇದೇ ಆಯಿತು. ಆಮೇಲೆ ಅವರು ಕಂಪ್ಯೂಟರಿನ ಮುಂದೆ ಕೂರುವುದನ್ನೇ ಬಿಟ್ಟು, ಬಾಗಿಲ ಬಳಿ ಕುಳಿತು ಬಟ್ಟೆಯ ಮೇಲಿನ ತುಂಡುದಾರ ಕತ್ತರಿಸತೊಡಗಿದರು. ಕಣ್ಣು ನೋವು ಎಂದರು. ಇವಳು ನಂಬಿದಂತೆ ನಟಿಸಿದಳು. ಸಂಜೆ ಪುಟ್ಟ ಮೊಮ್ಮಗಳನ್ನು ಎತ್ತಿಕೊಂಡು ಸುತ್ತಾಡಿಸುವುದನ್ನೂ ಕಾಲು ನೋವೆಂದು ಬಿಟ್ಟರು; ಅದನ್ನು ಇವಳು ನಿಜವೆಂದೇ ತಿಳಿದಳು. ಒಂದು ಮಾತು ಹೇಳಿದರೆ ಅವರು ಮತ್ತೆ ಮೊದಲಿನಂತಾಗುತ್ತಾರೆಂದು ಗೊತ್ತಿತ್ತು. ಆದರೆ ದಿನ ಕಳೆದಷ್ಟೂ ಆ ಮಾತು ಹೇಳುವುದು ಇನ್ನಷ್ಟು ಕಷ್ಟವಾಯಿತು.

ಒಂದು ಮಧ್ಯಾಹ್ನ, ಮಾವ ಒಳಗೆ ಮಲಗಿದ್ದಾಗ, ಕಂಪ್ಯೂಟರ್ ರಿಪೇರಿಯವನು ಬಂದ. ಬೀದಿಯವರು ಅವನನ್ನು ಸ್ಕ್ರೂಡ್ರೈವರ್ ಎಂದೇ ಕರೆಯುವುದು. ನೇರ ಹೋಗಿ ಹೂವನ್ನು ಒತ್ತಿ, ಚೌಕ ನೋಡಿ ನಕ್ಕ.

"ತೆಗೆದಿದ್ದು ನೀವೇ ತಾನೆ ಅಕ್ಕ? ಅಂಗಡಿ ಖಾಲಿ ಮಾಡಿ ಬೋರ್ಡು ಮಾತ್ರ ಬಿಟ್ಟಿದ್ದೀರಲ್ಲ!"

"ನಿನ್ನನ್ನ ಯಾರು ಕರೆದ್ರು?"

ಅವನು ದನಿ ತಗ್ಗಿಸಿದ. "ನಿಮ್ಮ ಮಾವ. ನಾನೇ ಏನೋ ಒತ್ತಿ ಕೆಡಿಸಿಬಿಟ್ಟೆ, ಸೊಸೆಗೆ ಗೊತ್ತಾಗೋ ಮೊದಲು ಸರಿ ಮಾಡ್ಕೊಡಪ್ಪ ಅಂತ ಕೈ ಹಿಡ್ಕೊಂಡ್ರು."

ಭೂಮಿ ಬಾಯಿ ಬಿಟ್ಟು ನುಂಗಬಾರದೇ ಎನಿಸಿತು ಇವಳಿಗೆ. ತನಗೆ ಧೈರ್ಯ ಹೇಳಿದ್ದ ಮನುಷ್ಯ ಈಗ ತನಗೇ ಹೆದರಿ, ಕದ್ದು ಸಹಾಯ ಕೇಳಿದ್ದರು. ಅವನನ್ನು ಸಾಗಹಾಕಿ, ಮಾವ ಎದ್ದು ಬಂದು ಕತ್ತರಿ ಹಿಡಿದು ಕೂತ ಕೂಡಲೇ ಎದುರು ಹೋಗಿ ನಿಂತಳು.

"ಮಾವಾ, ಅದು ನೀವು ಕೆಡಿಸಿದ್ದಲ್ಲ. ಆ ಸಾಫ್ಟ್‌ವೇರ್ ನಾನೇ ತೆಗೆದುಹಾಕ್ದೆ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ, ಬರೀ ಆ ಹೂವು ಬಿಟ್ಟಿದ್ದೆ. ಬೈದುಬಿಡಿ."

ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು. ಮಾವ ಕತ್ತರಿ ಕೆಳಗಿಟ್ಟು ಇವಳ ಮುಖವನ್ನೇ ನೋಡಿದರು.

"ನೀನೇ ತೆಗೆದಿದ್ದಾ? ನಿಜವಾಗ್ಲೂ?"

"ಹೂಂ."

"ಅಬ್ಬಾ, ಬದುಕಿದೆ ಕಣಮ್ಮ! ನನಗೆ ಅರಳುಮರಳು ಶುರುವಾಯ್ತು ಅನ್ಕೊಂಡಿದ್ದೆ. ಅದಕ್ಕೇ ಪಾಪುನ ಎತ್ಕೊಂಡು ರಸ್ತೆ ದಾಟೋದನ್ನೂ ಬಿಟ್ಟಿದ್ದೆ. ಎಲ್ಲಾದ್ರೂ ಮರೆತು ಬಿಟ್ಟು ಬಂದ್ರೆ ಏನು ಗತಿ ಅಂತ."

ಸಂಜೆ ಹೊರಗೆ ಹೋಗಲು ಮಗು ಹಟ ಮಾಡಿದಾಗಲೆಲ್ಲ ಮಾವ ಕಾಲು ನೋವೆಂದು ತಪ್ಪಿಸಿಕೊಂಡದ್ದೇಕೆಂದು ಇವಳಿಗೆ ಈಗ ಅರ್ಥವಾಯಿತು. ಅವರು ಆಗಲೇ ಎದ್ದು, ಮೊಮ್ಮಗಳನ್ನು ಕೂಗುತ್ತ, ಅವಳ ಚಪ್ಪಲಿ ಹುಡುಕಲು ಒಳಗೆ ಹೋಗಿದ್ದರು. ಇವಳು ತಲೆ ಎತ್ತಲಾಗದೆ ಅಲ್ಲೇ ನಿಂತಿದ್ದಳು.